ಅಂದಾನೆಪ್ಪ ಕಾಕಾನ ಗಾಣದ ಮುಚ್ಚಳ

ಮುಧೋಳದಲ್ಲಿ ಜಮಖಂಡಿ ರಸ್ತೆಗೆ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿ ಮತ್ತೆ ತಿರುಗುವಂತೆ ಮಾಡುವುದು ನನ್ನ ಕೆಲಸ. ಪಕ್ಕದ ಗೋಡೆಯ ಆಚೆ ಅಂದಾನೆಪ್ಪ ಕಾಕಾನ ವರ್ಕ್‌ಶಾಪು. ಬೆಲ್ಲ ಮಾಡುವವರಿಗೆ ಕಬ್ಬು ಅರೆಯುವ ಗಾಣ ಬೇಕೆಂದರೆ ಸುತ್ತಿನ ಹಳ್ಳಿಯವರು ಮೊದಲು ಬಂದು ಬಾಗಿಲು ಬಡಿಯುವುದು ಅಲ್ಲೇ. ಗಾಣ ಎಷ್ಟು ಗಟ್ಟಿಯೋ ಕಾಕಾನ ದನಿಯೂ ಅಷ್ಟೇ ಗಟ್ಟಿ. ಅವನು ಮಾತಾಡುವಾಗ ಒಳಗೆ ಸುತ್ತಿಗೆ ಬಡಿಯುವವರು ಕೈ ನಿಲ್ಲಿಸುತ್ತಾರೆ. ಮರ್ಯಾದೆಗಲ್ಲ, ಎರಡೂ ಸದ್ದು ಕೂಡಿದರೆ ತಲೆ ಒಡೆಯುತ್ತದೆ ಎಂದು.

ಇಂಥ ಮನುಷ್ಯ ಒಬ್ಬಳ ಮುಂದೆ ಮಾತ್ರ ಮೂಕ. ಅವಳು ಅವನ ಸೊಸೆ ದಾನೇಶ್ವರಿ.

ಜಗಳವಿತ್ತು ಎಂದುಕೊಳ್ಳಬೇಡಿ. ನಮ್ಮ ಕಡೆ ಹಳೆಯ ಮನೆತನಗಳಲ್ಲಿ ಮಾವ, ಸೊಸೆ ನೇರವಾಗಿ ಮಾತಾಡುವುದಿಲ್ಲ. ಅದು ಮರ್ಯಾದೆ. ಈಗ ಬಹಳ ಮನೆಗಳಲ್ಲಿ ಅದು ಬಿಟ್ಟುಹೋಗಿದೆ. ನಮ್ಮಪ್ಪ ನನ್ನ ಹೆಂಡತಿಯ ಪಕ್ಕ ಕೂತು ಧಾರಾವಾಹಿ ನೋಡಿ ಅವಳಿಗಿಂತ ಹೆಚ್ಚು ಅಳುತ್ತಾನೆ. ಆದರೆ ಅಂದಾನೆಪ್ಪ ಕಾಕಾ ತನ್ನ ತಾಯಿ ನಡೆಸಿಕೊಂಡು ಬಂದದ್ದನ್ನು ಬಿಡುವವನಲ್ಲ. ಸೊಸೆಗೆ ಏನಾದರೂ ಹೇಳಬೇಕಾದರೆ ಹೆಂಡತಿ ಇಂದ್ರವ್ವ ಕಾಕುಗೆ ಹೇಳುತ್ತಾನೆ. ಕಾಕು ಇಲ್ಲದಿದ್ದರೆ ನನಗೆ ಹೇಳುತ್ತಾನೆ. ನಾನೂ ಇಲ್ಲದಿದ್ದರೆ ತಲೆಯ ಮೇಲಿನ ಫ್ಯಾನಿಗೆ ಹೇಳುತ್ತಾನೆ. ಎಷ್ಟೋ ಸಲ ಸೊಸೆ ಎದುರಿಗೇ ಕೂತಿರುತ್ತಾಳೆ, ಎಲ್ಲವನ್ನೂ ಕೇಳಿಸಿಕೊಳ್ಳುತ್ತಾಳೆ, ಆದರೂ ಸುದ್ದಿ ಅಂಚೆಯ ಮೇಲೆಯೇ ಬರಬೇಕು.

ದಾನೇಶ್ವರಿ ಹುನ್ನೂರಿನ ಮಗಳು, ಮೆಕ್ಯಾನಿಕಲ್ ಡಿಪ್ಲೊಮಾ ಓದಿದವಳು. ಮದುವೆಯಾಗಿ ಬಂದ ಮೇಲೆ ಆ ಡಿಪ್ಲೊಮಾ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಮಲಗಿತ್ತು. ಗಾಣದ ಡ್ರಾಯಿಂಗುಗಳನ್ನು ಜಮಖಂಡಿಯ ಒಬ್ಬ ಮಾಡಿಕೊಡುತ್ತಿದ್ದ. ಕಬ್ಬಿನ ಹಂಗಾಮು ಬಂತೆಂದರೆ ಅವನ ಫೋನು ಸತ್ತುಹೋಗುತ್ತಿತ್ತು. ಕೊನೆಗೆ ಕಾಕಾನ ಮಗ, ದಾನೇಶ್ವರಿಯ ಗಂಡ ಸಂಜಯ, ಹಳ್ಳಿಹಳ್ಳಿಗೆ ಹೋಗಿ ಗಾಣ ಕೂಡಿಸುತ್ತ ಮನೆಗೆ ಬರೀ ಊಟಕ್ಕೆ ಬರುವವನು, ಒಂದು ದಿನ ರೊಟ್ಟಿ ಮುರಿಯುತ್ತ ಹೇಳಿಬಿಟ್ಟ: "ಮನ್ಯಾಗ ಓದಿದಾಕಿನ್ನ ಕೂಡಿಸಿಕೊಂಡು ಹೊರಗಿನಾಂವನ ಕಾಲು ಯಾಕ ಹಿಡಿಬೇಕಪಾ?"

ಕಾಕಾ ಒಪ್ಪಿದ. ಮನೆಗೂ ವರ್ಕ್‌ಶಾಪಿಗೂ ನಡುವೆ ಒಂದು ಸಣ್ಣ ಕೋಣೆಯಿತ್ತು. ಅಲ್ಲಿ ಕಂಪ್ಯೂಟರು ಬಂತು, ಒಂದು ಖುರ್ಚಿ ಬಂತು. ಮೊದಲ ದಿನ ನನ್ನನ್ನು ಕರೆದು ಬಾಗಿಲಲ್ಲಿ ನಿಲ್ಲಿಸಿಕೊಂಡು ಕಾಕಾ ತನ್ನ ಕರಾರು ಹೇಳಿದ.

"ಗುರುಪಾದ, ಇದೊಂದು ಗಾಣದ ಮಟ್ಟಿಗೆ ನೋಡೋಣು. ಡ್ರಾಯಿಂಗ್ ತಪ್ಪಿ ಮಾಲು ಕೆಟ್ಟಿತಂದ್ರ ಮತ್ತ ಜಮಖಂಡಿಗೇ ಕೊಡೂದು. ಆಮ್ಯಾಲೆ ಈ ಖುರ್ಚಿ ತಗದು ಮಾಳಿಗಿ ಮ್ಯಾಲೆ ಒಗೀತೇನಿ."

ನನಗೆ ಯಾಕೆ ಹೇಳಿದ? ನಾನೇನು ಆ ಖುರ್ಚಿಯ ಮೇಲೆ ಕೂಡುವವನೇ? ಕೂಡುವವಳು ಒಂದು ಮಾರು ದೂರದಲ್ಲಿ ಸೆರಗು ಹೊದ್ದು ನಿಂತಿದ್ದಳು. ಅದೇ ವಾರ ಆಕೆ ನನ್ನ ಹೆಂಡತಿಯ ಹತ್ತಿರ ಅಂದಳಂತೆ: "ಈ ಖುರ್ಚಿ ಹೋತಂದ್ರ ನಾ ಓದಿದ್ದು ಅಲ್ಲಿಗೇ ಮುಗೀತ್ರಿ ವೈನಿ. ಮತ್ತ ಯಾರೂ ನನ್ನ ಕರಿಯಂಗಿಲ್ಲ."

ಆ ಗಾಣವಾದರೂ ಸಾಮಾನ್ಯದ್ದಲ್ಲ. ಕಾಕಾ ವರ್ಷಗಟ್ಟಲೆ ತಲೆಯಲ್ಲಿ ಸಾಕಿಕೊಂಡು ಬಂದದ್ದು. ಹಳೆಯ ಗಾಣಗಳಲ್ಲಿ ಹಲ್ಲಿನ ಚಕ್ರಗಳು ಬಯಲಿಗೇ ಇರುತ್ತವೆ. ಗ್ರೀಸಿಗೆ ಕಬ್ಬಿನ ಸಿಪ್ಪೆಯ ಪುಡಿ ಮೆತ್ತಿ, ಅದಕ್ಕೆ ಧೂಳು ಮೆತ್ತಿ, ಹಂಗಾಮು ಮುಗಿಯುವ ಹೊತ್ತಿಗೆ ಚಕ್ರ ಯಾವುದು ರಾಡಿ ಯಾವುದು ತಿಳಿಯುವುದಿಲ್ಲ. ಕಾಕಾ ಚಕ್ರಗಳನ್ನೆಲ್ಲ ಒಂದು ಪೆಟ್ಟಿಗೆಯಲ್ಲಿ ಹಾಕಿ, ಮೇಲೆ ದಪ್ಪ ಮುಚ್ಚಳ ಕೂಡಿಸಿ, ಆ ಮುಚ್ಚಳದ ಮೇಲೆಯೇ ಮೋಟಾರು ಇಡುವವನಿದ್ದ. ರನ್ನ ಬೆಳಗಲಿಯ ಮಾಳಿಂಗರಾಯ ಇದನ್ನು ಕೇಳಿಯೇ ಮರುಳಾಗಿ, ಮೊದಲನೆಯದು ತನಗೇ ಬೇಕೆಂದು ಹೇಳಿಹೋಗಿದ್ದ.

"ಗುರುಪಾದ, ಹೇಳು ಅಕಿಗೆ," ಅಂದ ಕಾಕಾ. "ಮುಚ್ಚಳದ ಮ್ಯಾಲೆ ಒಂದ ತೂತೂ ಇರಬಾರದು. ಇರವಿ ಸೈತ ಒಳಗ ಹೋಗಬಾರದು."

ನಾನು ಹೇಳುವ ಮೊದಲೇ ಆಕೆ ತಲೆಯಾಡಿಸಿದಳು.

ದಾನೇಶ್ವರಿ ಪೆಟ್ಟಿಗೆ ಬಿಡಿಸಿದಳು, ಒಳಗೆ ಒಂದೊಂದೇ ಚಕ್ರ ಕೂಡಿಸಿದಳು, ಮುಚ್ಚಳ ಹಾಕಿದಳು. ಕಾಕಾ ಕನ್ನಡಕ ಏರಿಸಿಕೊಂಡು ಬಂದು ನೋಡಿದ. ಪರದೆಯ ಮೇಲೆ ಒಂದು ಬೂದು ಬಣ್ಣದ ಪೆಟ್ಟಿಗೆ, ಅಷ್ಟೇ.

"ಒಳಗಿಂದೇನೂ ಕಾಣವಲ್ದಲ್ಲ," ಅಂತ ಫ್ಯಾನಿಗೆ ಹೇಳಿದ.

ಆಕೆ ಮೌಸು ಒತ್ತಿ ಮುಚ್ಚಳವನ್ನು ಮರೆ ಮಾಡಿದಳು. ಕಾಕಾ ಹೌಹಾರಿದ. "ಏ ಇವಳ! ಮುಚ್ಚಳಾ ಎಲ್ಲಿ ಹೋತಂತ ಕೇಳ! ಎರಡ ದಿನದ ಕೆಲಸ ಒರಸಿ ಒಗದಾಳೇನ್ ನೋಡ!" ಅಂತ ಮನೆಯ ಒಳಗೆ ಕೂಗಿದ. ಇಂದ್ರವ್ವ ಕಾಕು ಹಿಟ್ಟಿನ ಕೈಯಲ್ಲೇ ಓಡಿಬಂದಳು. ಮುಚ್ಚಳ ಎಲ್ಲಿಯೂ ಹೋಗಿಲ್ಲ, ಕಣ್ಣಿಗೆ ಮಾತ್ರ ಮರೆಯಾಗಿದೆ ಎಂದು ದಾನೇಶ್ವರಿ ಅತ್ತೆಗೆ ತಿಳಿಸಿ ಹೇಳಿದಳು. ಅತ್ತೆ ಅದನ್ನು ಗಂಡನಿಗೆ ತಿಳಿಸಲು ಹೋಗಿ ತಾನೇ ತಿಳಿಯದೆ ಒದ್ದಾಡಿದಳು. ಕಾಣದ ಮುಚ್ಚಳವನ್ನು ಕಾಕಾ ನಂಬಲು ತಯಾರಿರಲಿಲ್ಲ.

ಆಗ ದಾನೇಶ್ವರಿ ಇನ್ನೊಂದು ಉಪಾಯ ಮಾಡಿದಳು. ಮುಚ್ಚಳವನ್ನು ಮರಳಿ ತಂದಳು, ಅದೊಂದನ್ನೇ ಆರಿಸಿದಳು, ಎಲ್ಲೋ ಒತ್ತಿ ಒಂದು ಸಣ್ಣ ಗುಂಡಿಯನ್ನು ಬಲಕ್ಕೆ ಎಳೆಯುತ್ತ ಹೋದಳು. ಪೆಟ್ಟಿಗೆ ಗಟ್ಟಿಯಾಗಿ ಹಾಗೇ ಉಳಿಯಿತು. ಚಕ್ರಗಳೂ ಹಾಗೇ ಉಳಿದವು. ಮುಚ್ಚಳ ಮಾತ್ರ ತೆಳುವಾಗುತ್ತ ತೆಳುವಾಗುತ್ತ ಘಟಪ್ರಭೆಯ ತಿಳಿನೀರಿನ ಹಾಗೆ ಆಯಿತು. ಅದರ ಅಂಚು ಕಾಣುತ್ತಿತ್ತು, ಬೋಲ್ಟುಗಳು ಕಾಣುತ್ತಿದ್ದವು, ಅದರ ಕೆಳಗೆ ಚಕ್ರದ ಹಲ್ಲು ಹಲ್ಲೂ ಕಾಣುತ್ತಿತ್ತು.

ಕಾಕಾನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಮೊಮ್ಮಗ ಹುಟ್ಟಿದಾಗಲೂ ಅವನ ಮುಖ ಹಾಗೆ ಅರಳಿರಲಿಲ್ಲ ಎಂದು ಕಾಕು ಇಂದಿಗೂ ಹೇಳುತ್ತಾಳೆ.

ಅಲ್ಲಿಂದ ಶುರುವಾಯಿತು ನಮ್ಮ ಗೋಳು. ದಾರಿಯಲ್ಲಿ ಹೋಗುವವರನ್ನೆಲ್ಲ ಕಾಕಾ ಹಿಡಿದು ತರತೊಡಗಿದ. ಚಹಾದ ಅಂಗಡಿಯವನು ಬಂದ, ಟ್ರ್ಯಾಕ್ಟರಿನವರು ಬಂದರು, ಬಡ್ಡಿ ಬಿಟ್ಟು ಬೇರೇನೂ ತಿಳಿಯದ ಒಬ್ಬ ಸಾಹುಕಾರನೂ ಬಂದು ನೋಡಿ ಹೋದ. ಎಲ್ಲರಿಗೂ ಒಂದೇ ಭಾಷಣ. "ಮುಚ್ಚಳಾ ಐತಿ. ಆದರ ಅಡ್ಡ ಬರಂಗಿಲ್ಲ. ನೋಡ್ರಿ, ನೋಡ್ರಿ, ಒಳಗ ಹೆಂಗ ತಿರಗತೈತಿ!" ಆ ಭಾಷಣದ ಉದ್ದಕ್ಕೂ ದಾನೇಶ್ವರಿ ಮೌಸು ಹಿಡಿದು, ಸೆರಗು ಸರಿಮಾಡಿಕೊಳ್ಳುತ್ತ, ಗಾಣವನ್ನು ಅತ್ತ ಇತ್ತ ತಿರುಗಿಸಿ ತೋರಿಸುತ್ತಿದ್ದಳು. ಬಂದವರು ಚಕ್ರ ನೋಡಿದರು, ಕಾಕಾನನ್ನು ಹೊಗಳಿದರು. ಮೌಸು ಹಿಡಿದವಳನ್ನು ಯಾರೂ ನೋಡಲಿಲ್ಲ. ನನಗೆ ಅದು ಸೇರುತ್ತಿರಲಿಲ್ಲ. ಒಮ್ಮೆ ಬೇಕೆಂದೇ "ಇದನ್ನ ಮಾಡಿದಾಕಿ ಇಲ್ಲೇ ಕೂತಾಳ್ರಿ" ಅಂದೆ. ಕಾಕಾ ನನ್ನನ್ನು ನುಂಗುವ ಹಾಗೆ ನೋಡಿದ.

ಇನ್ನು ಇಂದ್ರವ್ವ ಕಾಕುವಿನ ವಿಷಯ. ಅವಳಂಥ ಒಳ್ಳೆಯ ಹೆಂಗಸು ಸಿಗುವುದಿಲ್ಲ, ಅವಳಂಥ ಕೆಟ್ಟ ಅಂಚೆಯೂ ಸಿಗುವುದಿಲ್ಲ. ಜೋಳ ಹಸನು ಮಾಡಿದ ಹಾಗೆ ಮಾತನ್ನೂ ಹಸನು ಮಾಡಿಯೇ ಆಚೆ ಕಳಿಸುತ್ತಿದ್ದಳು. "ಆ ಗೆರಿ ಸೊಟ್ಟ ಐತಿ, ಕಣ್ಣ ಎಲ್ಲಿಟ್ಟಿದ್ಲಂತ ಕೇಳು" ಅಂತ ಗಂಡ ವರ್ಕ್‌ಶಾಪಿನಲ್ಲಿ ಅಂದರೆ, ಕೋಣೆಯಲ್ಲಿದ್ದ ಸೊಸೆಯ ಹತ್ತಿರ ಬಂದು "ಭಾಳ ದಣದಿ, ಚಹಾ ಕುಡದು ಇನ್ನೊಮ್ಮೆ ನೋಡು ಅಂದ್ರವಾ ನಿಮ್ಮ ಮಾವಾರು" ಅನ್ನುತ್ತಿದ್ದಳು. ಇದರಿಂದ ಮನೆ ತಣ್ಣಗಿತ್ತು. ಮಾವನಿಗೆ ಸೊಸೆ ಎದುರಾಡುವುದಿಲ್ಲ, ಸೊಸೆಗೆ ಮಾವ ಬೈಯುವುದಿಲ್ಲ ಎಂದು ಇಬ್ಬರೂ ನಂಬಿದ್ದರು.

ಗಾಣ ತಯಾರಾಯಿತು. ಅಳತೆಯಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ಚಕ್ರಕ್ಕೆ ಚಕ್ರ ಕೂಡಿತು, ಬೋಲ್ಟು ತೂತಿನಲ್ಲಿ ಬೆರಳಿನಿಂದಲೇ ಇಳಿಯಿತು. ಫಿಟ್ಟರ್ ಬಸಗೊಂಡಪ್ಪ, ಯಾರನ್ನೂ ಹೊಗಳದ ಮನುಷ್ಯ, "ಈ ಸಲ ಫೈಲ್ ಹಿಡದು ಕಬ್ಬಿಣಾ ಒಂದೂ ಕಡೆ ತಿಕ್ಕಲಿಲ್ಲ ನೋಡ್ರಿ" ಅಂದ. ದಾನೇಶ್ವರಿ ಅದನ್ನು ಕೋಣೆಯೊಳಗಿಂದ ಕೇಳಿಸಿಕೊಂಡಳು. ಅವಳ ಖುರ್ಚಿ ಗಟ್ಟಿಯಾಯಿತು ಎಂದು ನಾನೂ ಖುಷಿಪಟ್ಟೆ.

ಸಂಜಯ ಆ ದಿನ ಬೇರೆ ಹಳ್ಳಿಯಲ್ಲಿ ಗಾಣ ಕೂಡಿಸುತ್ತಿದ್ದ. ಮೋಟಾರು ನನ್ನದಾದ್ದರಿಂದ ತಂತಿ ಜೋಡಿಸಲು ಕಾಕಾ, ಬಸಗೊಂಡಪ್ಪನ ಜೊತೆ ನಾನೂ ರನ್ನ ಬೆಳಗಲಿಗೆ ಹೋದೆ. ಮಾಳಿಂಗರಾಯನ ಹೊಲದಲ್ಲಿ ಆಗಲೇ ಜನ ಕೂಡಿದ್ದರು. ಕಬ್ಬಿನ ಹೊರೆ ತಂದು ಇಟ್ಟಿದ್ದರು, ಕೊಪ್ಪರಿಗೆ ತೊಳೆದಿದ್ದರು. ಗಾಣ ಕೂಡಿಸಿದೆವು, ಮುಚ್ಚಳ ಬಿಗಿದೆವು, ಅದರ ಮೇಲೆ ಮೋಟಾರು ಕೂಡಿಸಿದೆವು. ನಾನು ತಂತಿ ಜೋಡಿಸಿ ಎದ್ದೆ. ಮಾಳಿಂಗರಾಯ ಎಣ್ಣೆಯ ಡಬ್ಬಿ ಹಿಡಿದು ಗಾಣದ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಮತ್ತೊಂದು ಹಾಕಿದ.

"ಅಂದಾನೆಪ್ಪಣ್ಣಾ, ಎಣ್ಣಿ ಎಲ್ಲಿ ಹಾಕೂದು?"

ಕಾಕಾ ನಗುತ್ತ ಮುಂದೆ ಬಂದ. ಮುಚ್ಚಳದ ಮೇಲೆ ಕೈಯಾಡಿಸಿದ. ಆ ಕಡೆ ಹೋಗಿ ಕೈಯಾಡಿಸಿದ. ನಗು ಮೆಲ್ಲಗೆ ಇಳಿಯಿತು. ನಾನೂ ನೋಡಿದೆ, ಬಸಗೊಂಡಪ್ಪನೂ ನೋಡಿದ. ಮುಚ್ಚಳ ಬೋಳು. ಪರದೆಯ ಮೇಲೆ ಅದರ ಮೂಲಕವೇ ಒಳಗೆ ನೋಡಿ ನೋಡಿ, ಮುಚ್ಚಳವನ್ನೇ ನಾವ್ಯಾರೂ ನೋಡಿರಲಿಲ್ಲ. ಅದಕ್ಕೆ ಎಣ್ಣೆ ಹಾಕುವ ಬಾಯಿಯೇ ಇರಲಿಲ್ಲ.

"ಮೋಟಾರು ಇಳಿಸಿ, ಮುಚ್ಚಳಾ ಬಿಚ್ಚಿ..." ಕಾಕಾನ ದನಿ ಎಂದೂ ಇಲ್ಲದಷ್ಟು ಸಣ್ಣದಾಗಿತ್ತು.

"ಪ್ರತಿ ಸಲಾ?"

"ಪ್ರತಿ ಸಲಾ."

"ಹಂಗಾರ ಗಾಣದ ಕೂಡ ನಿಮ್ಮನ್ನೂ ಇಲ್ಲೇ ಇಟಗೋಬೇಕಾಗತೈತಿ," ಅಂದ ಮಾಳಿಂಗರಾಯ. ಜನ ನಕ್ಕರು. ನಕ್ಕವರಲ್ಲಿ ಒಬ್ಬ ಕೇಳಿದ, "ಇದರ ನಕ್ಷಾ ತಗದವರ ಯಾರ್ರಿ?" ಇನ್ನೊಬ್ಬ ಅವನಿಗೆ ಹೇಳಿದ, "ಅವರ ಸೊಸಿ ಅಂತ." ಮೊದಲಿನವನು ಉದ್ದಕ್ಕೆ "ಹಾಂ" ಅಂದ. "ಹೆಣ್ಮಕ್ಕಳ ಕೈಯಾಗ ಕಬ್ಬಿಣಾ ಕೊಟ್ರ ಮತ್ತ ಏನಾಗತೈತಿ!"

ತೂತು ಬೇಡವೆಂದು ನನ್ನ ಮುಂದೆಯೇ ಹೇಳಿದ ಮನುಷ್ಯ ಆಕಾಶ ನೋಡುತ್ತ ನಿಂತಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು. ಇವನು ಹೀಗೇ ಸುಮ್ಮನಿದ್ದು ಮನೆಗೆ ಹೋದರೆ ಸಂಜೆಯೊಳಗೆ ಆ ಖುರ್ಚಿ ಮಾಳಿಗೆ ಏರುತ್ತದೆ ಎಂದು ಗೊತ್ತಿತ್ತು. ಬಾಯಿ ತೆರೆಯಬೇಕು ಎನ್ನುವಷ್ಟರಲ್ಲಿ ಕಾಕಾ ಫೋನು ತೆಗೆದು ಮನೆಗೆ ಹಚ್ಚಿದ. ವರ್ಕ್‌ಶಾಪಿನ ಗದ್ದಲಕ್ಕೆ ಅವನು ಯಾವಾಗಲೂ ಸ್ಪೀಕರ್ ಮೇಲೆಯೇ ಮಾತಾಡುವವನು. ಇಲ್ಲಿಯೂ ಹಾಗೇ ಮಾಡಿದ.

"ಏ ಇವಳ, ಅಕಿಗೆ ಕೇಳು. ಎಣ್ಣಿ ಹಾಕಾಕ ಬಾಯಿ ಯಾಕ ಬಿಟ್ಟಿಲ್ಲಂತ ಕೇಳು."

ಆ ಕಡೆಯಿಂದ ಕಾಕುವಿನ ದನಿ, ಅಂಜುತ್ತ ಅಂಜುತ್ತ: "ಅದನ್ನ... ಅಕಿ ಅವತ್ತ ಕೇಳಿದ್ಲರೀ."

"ಏನ ಕೇಳಿದ್ಲು?"

"ಎಣ್ಣಿ ಎಲ್ಲಿಂದ ಹಾಕೂದು ಮಾವಾರಿಗೆ ಕೇಳ್ರಿ ಅಂದಿದ್ಲು. ನೀವು ತೂತ ಬ್ಯಾಡ ಅಂತ ಹಟಾ ಹಿಡದಿದ್ರಿ. ಮತ್ತ ಕೇಳಿದ್ರ ಸಿಟ್ಟಿಗೇಳತೀರಿ, ಮನ್ಯಾಗ ಯಾಕ ಜಗಳಾ ಅಂತ... ಮಾವಾರಿಗೆ ಎಲ್ಲಾ ಗೊತ್ತೈತಂತ, ನೀ ಮಾಡು ಅಂತ ನಾನ ಹೇಳಿಬಿಟ್ಟೆ."

ರನ್ನ ಬೆಳಗಲಿಯ ಅರ್ಧ ಊರು ಇದನ್ನು ಕೇಳಿಸಿಕೊಂಡಿತು. ಒಬ್ಬರೂ ನಗಲಿಲ್ಲ, ಯಾಕೆಂದರೆ ಎಲ್ಲರ ಮನೆಯಲ್ಲೂ ಒಬ್ಬ ಇಂದ್ರವ್ವ ಇದ್ದಾಳೆ.

ಕಾಕಾ ತಲೆ ಎತ್ತಿ, "ಹೆಣ್ಮಕ್ಕಳ ಕೈಯಾಗ" ಅಂದವನ ಕಡೆ ತಿರುಗಿ, ತನ್ನ ಹಳೆಯ ದನಿಯಲ್ಲಿ ಹೇಳಿದ: "ತೂತು ಬ್ಯಾಡಂದಾಂವ ನಾನು. ಅಕಿ ಕೇಳಿದ್ಲು. ತಪ್ಪು ನಂದು." ನಂತರ ಫೋನಿಗೆ ಹೇಳಿದ, "ಈಗ ಎಲ್ಲಿ ಕೊರಿಬೇಕಂತ ಕೇಳು."

ಈ ಸಲ ಬಂದದ್ದು ಕಾಕುವಿನ ದನಿಯಲ್ಲ. "ಕಬ್ಬಿನ ಹಾಲು ಹರಿಯೂ ಕಡೆ, ಮೋಟಾರಿನ ಹಿಂದಿನ ಮೂಲ್ಯಾಗ. ಅಲ್ಲಿ ಕೆಳಗ ಚಕ್ರ ಇಲ್ರಿ."

ದಾನೇಶ್ವರಿಯ ದನಿ ಅಷ್ಟು ಸ್ಪಷ್ಟವಾಗಿದೆ ಎಂದು ಅವತ್ತೇ ನನಗೆ ಗೊತ್ತಾದದ್ದು. ಕಾಕಾ ಫೋನನ್ನು ನನ್ನ ಕೈಗೆ ತುರುಕಿ, ಡ್ರಿಲ್ ಮಷೀನು ಕಸಿದುಕೊಂಡು, ಆ ಮೂಲೆಗೆ ಹಚ್ಚಿ ಒತ್ತಿದ. ಅವಮಾನವಾದ ಮನುಷ್ಯನಿಗೆ ತಾಳ್ಮೆ ಎಲ್ಲಿಂದ ಬರಬೇಕು? ಮಷೀನು ಗುರ್ ಅಂದಿತು.

"ಮಾವಾರ, ನಿಂದರ್ರಿ!"

ಫೋನಿನಿಂದ ಆ ಕೂಗು ಬಂದಾಗ ಕಾಕಾನ ಬೆರಳು ತಾನಾಗಿಯೇ ಬಿಟ್ಟಿತು. ಮಷೀನು ನಿಂತಿತು.

"ಕಬ್ಬಿಣದ ಚೂರು ಒಳಗ ಬೀಳತಾವ್ರಿ. ಚಕ್ರದ ಹಲ್ಲಿನಾಗ ಸಿಕ್ರ ಗಾಣ ಇವತ್ತ ಮುರೀತೈತಿ. ಮೊದಲ ಮುಚ್ಚಳಾ ಎತ್ತಿ ಕೆಳಗಿಡ್ರಿ, ಆಮ್ಯಾಲೆ ಕೊರೀರಿ."

ಕಾಕಾ ನನ್ನ ಮುಖ ನೋಡಿದ. ನಾನು ಬೇಕಂತಲೇ ಬೇರೆ ಕಡೆ ನೋಡಿದೆ. ಫ್ಯಾನಂತೂ ಆ ಬಯಲಿನಲ್ಲಿ ಇರಲಿಲ್ಲ. ಅವನು ಫೋನಿನ ಹತ್ತಿರ ಬಾಗಿದ.

"ಆತವಾ," ಅಂದ.

ಮೋಟಾರು ಇಳಿಸಿ, ಸರಪಳಿ ಹಾಕಿ ಮುಚ್ಚಳ ಎತ್ತಿ, ಬಸಗೊಂಡಪ್ಪ ಸಾವಕಾಶವಾಗಿ ತೂತು ಕೊರೆದ. ಒಂದು ತುಂಡು ಪೈಪು ಕೂಡಿಸಿ ಅದಕ್ಕೊಂದು ಬೂಚು ಹಾಕಿದೆವು, ಇರುವೆ ಹೋಗದ ಹಾಗೆ. ಎಲ್ಲ ಮರಳಿ ಕೂಡಿಸಿ ಎಣ್ಣೆ ಹಾಕಿ ಗಾಣ ಹಚ್ಚಿದಾಗ ಅದು ಸದ್ದೇ ಇಲ್ಲದೆ ತಿರುಗಿತು. ಮೊದಲ ಚರಿಗೆ ಕಬ್ಬಿನ ಹಾಲನ್ನು ಮಾಳಿಂಗರಾಯ ಕಾಕಾನ ಕೈಗೆ ಕೊಟ್ಟ. "ನಿಮ್ಮ ಸೊಸಿನ್ನ ಒಮ್ಮೆ ಕರಕೊಂಡ ಬರ್ರಿ. ಕೂಗಿದ್ದು ಕೇಳಿ ನನ್ನ ಎತ್ತೂ ನಿಂತ್ವು," ಅಂದ.

ಮುಧೋಳ ಮುಟ್ಟಿದಾಗ ಹೊತ್ತು ಇಳಿದಿತ್ತು. ಕಾಕಾ ಸೀದಾ ಆ ಸಣ್ಣ ಕೋಣೆಯ ಬಾಗಿಲಿಗೆ ಹೋಗಿ ನಿಂತ. ಏನಾಗುತ್ತದೋ ಎಂದು ನಾನೂ ಹಿಂದೆ ಹೋದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಅಂಗಡಿ ಬಾಗಿಲು ತೆಗೆಯುವುದನ್ನೂ ಮರೆತು ಹೋದೆ.

ದಾನೇಶ್ವರಿ ದಡಕ್ಕನೆ ಎದ್ದು ಸೆರಗು ಎಳೆದುಕೊಂಡಳು. ಖುರ್ಚಿಯನ್ನು ತಾನೇ ಹಿಂದಕ್ಕೆ ಸರಿಸಿ ಗೋಡೆಗೆ ಒರಗಿಸಿದಳು. ಅದನ್ನು ಒಯ್ಯಲೆಂದೇ ಬಂದಿದ್ದಾನೆ ಎಂದುಕೊಂಡಿದ್ದಳು.

ಕಾಕಾ ಆ ಖುರ್ಚಿ ಎಳೆದು ಕಂಪ್ಯೂಟರಿನ ಮುಂದೆ ಇಟ್ಟ. "ಕೂಡು, ಯವ್ವಾ. ಖುರ್ಚಿ ನಿಂದು," ಅಂದ. ಮೂಲೆಯಲ್ಲಿದ್ದ ಒಂದು ಖಾಲಿ ಡಬ್ಬಿ ಬೋರಲು ಹಾಕಿ ಅದರ ಮೇಲೆ ತಾನು ಕೂತ. ಅಷ್ಟು ದೊಡ್ಡ ಮನುಷ್ಯ ಅಷ್ಟು ಸಣ್ಣ ಡಬ್ಬಿಯ ಮೇಲೆ ಕೂತದ್ದು ನೋಡಿ ನಗು ಬರಬೇಕಿತ್ತು. ನನಗೆ ಬರಲಿಲ್ಲ.

"ನೀ ಕಳಿಸಿದ್ದು ನನಗ ಮುಟ್ಟಲಾರದ್ದು," ಅಂದ ಕಾಕಾ, "ಇನ್ನ ಏನೇನ ಐತಿ?"

ಅವಳು ಖುರ್ಚಿಯ ಅಂಚಿಗೆ ಕೂತಳು.

"ನಮ್ಮಪ್ಪಗ ಎದಿ ನೋವು ಬಂದಾಗ," ಅಂದಳು, "ನೀವ ಸ್ವತಾ ಗಾಡಿ ತಗೊಂಡು ಹುನ್ನೂರಿಗೆ ಹೋಗಿ ದವಾಖಾನಿಗೆ ಹಾಕಿದ್ರಿ. ಈ ಉಪಕಾರ ನಾ ಸಾಯೂತನಾ ಮರಿಯಂಗಿಲ್ಲಂತ ಮಾವಾರಿಗೆ ಹೇಳ್ರಿ ಅಂತ ಅತ್ತಿಯಾರಿಗೆ ಹೇಳಿದ್ನಿ. ಅದು ಮುಟ್ಟೇತೇನ್ರಿ?"

ಒಳಬಾಗಿಲಲ್ಲಿ ನಿಂತಿದ್ದ ಇಂದ್ರವ್ವ ಕಾಕು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಮನೀ ಮಂದ್ಯಾಗ ಉಪಕಾರದ ಮಾತು ಯಾಕಂತ..." ಅಂದಳು.

"ಇಲ್ಲವಾ," ಅಂದ ಕಾಕಾ. "ಮುಟ್ಟಿಲ್ಲ." ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದ. ಸೊಸೆಯಿಂದ ಒಂದು ಮಾತೂ ಬರಲಿಲ್ಲ ಅಂತ ಇಷ್ಟು ದಿನ ಮನಸ್ಸಿನಲ್ಲಿ ಏನು ಇಟ್ಟುಕೊಂಡಿದ್ದನೋ, ಅವನಿಗೇ ಗೊತ್ತು. ಕನ್ನಡಕ ಮತ್ತೆ ಏರಿಸಿಕೊಂಡು ಕೇಳಿದ, "ಎರಡನೇದು?"

"ಎರಡನೇದು ಗಾಣದ್ದು. ಅದರಾಗ ನಿಮ್ಮ ತಪ್ಪು ಭಾಳ ಅದಾವ್ರಿ, ಮಾವಾರ."

ಕಾಕಾ ಡಬ್ಬಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡ. "ಎಲ್ಲಾ ಹೇಳು," ಅಂದ. "ಒಂದೂ ಬಿಡಬ್ಯಾಡ."